ಕದದ ಒಳಗಿನ ಅಗಳಿ

ಜಮಖಂಡಿ ತಾಲ್ಲೂಕಿನ ತುಬಚಿಯಂಥ ಕೃಷ್ಣಾ ತೀರದ ಊರುಗಳಲ್ಲಿ ಮನೆಯ ಕಾವಲು ಬಹುಪಾಲು ಕದದ ಹೊರಗೇ ನಡೆಯುತ್ತದೆ. ಓಣಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು, ಎದುರು ಮನೆಯ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿರುವ ಹೆಂಗಸರು, ಗುರುತಿಲ್ಲದ ಹೆಜ್ಜೆ ಕೇಳಿದೊಡನೆ ಬೊಗಳುವ ನಾಯಿ, ಇವೆಲ್ಲ ಇರುವಲ್ಲಿ ಹಗಲು ಹೊತ್ತು ಕದವನ್ನು ಸುಮ್ಮನೆ ಮುಂದೆ ಮಾಡಿ ಹೊಲಕ್ಕೆ ಹೋದರೂ ನಡೆಯುತ್ತದೆ. ಯಾರು ಬಂದರು, ಯಾರ ಮನೆಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದನ್ನು ಇಡೀ ಓಣಿಯೇ ಲೆಕ್ಕ ಇಟ್ಟಿರುತ್ತದೆ. ಅದೇ ಊರಿನ ಮನುಷ್ಯ ಪರ ಊರಿನ ವಸತಿಗೃಹದ ಕೋಣೆಯೊಂದನ್ನು ಸೇರಿದಾಗ ಈ ಕಾವಲೆಲ್ಲ ಒಮ್ಮೆಗೇ ಇಲ್ಲವಾಗುತ್ತದೆ. ಅಕ್ಕಪಕ್ಕದ ಕೋಣೆಯಲ್ಲಿರುವವರು ಯಾರೆಂದು ತಿಳಿದಿರುವುದಿಲ್ಲ, ಕಾರಿಡಾರಿನಲ್ಲಿ ನಡೆದಾಡುವವರನ್ನು ಯಾರೂ ವಿಚಾರಿಸುವುದಿಲ್ಲ, ಮಲಗಿದವನಿಗೂ ಹೊರಗಿನವರಿಗೂ ನಡುವೆ ಉಳಿಯುವುದು ಒಂದೂವರೆ ಅಂಗುಲ ದಪ್ಪದ ಹಲಗೆ ಮಾತ್ರ.

ಈ ಭಾಗದ ಜನ ಲಾಡ್ಜುಗಳಲ್ಲಿ ತಂಗುವುದು ವಿಹಾರಕ್ಕಿಂತ ಹೆಚ್ಚಾಗಿ ಅನಿವಾರ್ಯಕ್ಕೆ. ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಿಗಳು ಪೇಟೆ ಹಿಡಿದು ಸೊಲ್ಲಾಪುರ, ಇಚಲಕರಂಜಿಗಳತ್ತ ಹೋಗುತ್ತಾರೆ. ಮನೆಯಲ್ಲಿ ಕಾಯಿಲೆ ಬಲಿತರೆ ಮಿರಜ, ಸಾಂಗ್ಲಿ, ಬೆಳಗಾವಿಯ ಆಸ್ಪತ್ರೆಗಳ ದಾರಿ ಹಿಡಿಯಬೇಕಾಗುತ್ತದೆ. ಶ್ರೀಶೈಲ, ಪಂಢರಪುರಗಳ ಯಾತ್ರೆಯಲ್ಲಿ ಧರ್ಮಶಾಲೆಗಳೇ ಗತಿ. ನೌಕರಿಯ ಪರೀಕ್ಷೆ ಬರೆಯಲು ಹುಡುಗ ಹುಡುಗಿಯರು ಧಾರವಾಡ, ಬೆಂಗಳೂರುಗಳಲ್ಲಿ ರಾತ್ರಿ ಕಳೆಯುತ್ತಾರೆ. ಇಂಥವರ ಕೈಯಲ್ಲಿ ಒಂದೋ ಮಾಲಿನ ಹಣವಿರುತ್ತದೆ, ಇಲ್ಲವೇ ಆಸ್ಪತ್ರೆಯ ಹಣವಿರುತ್ತದೆ, ಮನಸ್ಸು ಮಾತ್ರ ಬೇರೆಲ್ಲೋ ಇರುತ್ತದೆ. ಆದ್ದರಿಂದ ಕೋಣೆಯ ಸುರಕ್ಷತೆಯೆಂಬುದು ವಿಮಾನದಲ್ಲಿ ಓಡಾಡುವವರ ಚಿಂತೆಯೆಂದು ತಳ್ಳಿಹಾಕುವುದು ತಪ್ಪು.

ಉತ್ತರ ಕರ್ನಾಟಕದ ಹಳೆಯ ವಾಡೆಗಳನ್ನು ಕಂಡವರಿಗೆ ಕದ ಮುಚ್ಚುವ ಎರಡು ಬೇರೆ ಬೇರೆ ಕ್ರಮಗಳು ಗೊತ್ತು. ಮನೆಯವರೆಲ್ಲ ಹೊರಗೆ ಹೋಗುವಾಗ ಕೊಂಡಿಗೆ ಹಾಕುವುದು ಕೀಲಿ (ದಕ್ಷಿಣದವರ ಮಾತಿನಲ್ಲಿ ಬೀಗ). ಇದನ್ನು ಕೀಲಿಕೈ ಇದ್ದವರು ಯಾರಾದರೂ ತೆಗೆಯಬಹುದು. ರಾತ್ರಿ ಮನೆಯವರು ಒಳಗಿದ್ದಾಗ ಹಾಕುವುದು ಅಗಳಿ, ಅಂದರೆ ಗೋಡೆಯ ಪೊಳ್ಳಿನಿಂದ ಹೊರಗೆಳೆದು ಎರಡೂ ಕದಗಳ ಬೆನ್ನಿಗೆ ಅಡ್ಡಲಾಗಿ ಸರಿಸುವ ತೊಲೆಯಂಥ ಮರ. ಅಗಳಿಗೆ ಕೀಲಿಕೈ ಇಲ್ಲ, ರಂಧ್ರವಿಲ್ಲ, ಹೊರಗಿನಿಂದ ಮುಟ್ಟಲು ದಾರಿಯೇ ಇಲ್ಲ. ಒಳಗಿರುವವನ ಕೈಯೊಂದೇ ಅದನ್ನು ತೆಗೆಯಬಲ್ಲದು. ಲಾಡ್ಜಿನ ಕೋಣೆಯ ವಿಚಾರದಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಇದರಲ್ಲೇ ಇದೆ: ಅಲ್ಲಿನ ಕೀಲಿ ಹೋಟೆಲಿನವರದು, ಅದಕ್ಕೆ ಎಷ್ಟು ಕೀಲಿಕೈಗಳಿವೆ, ಅವು ಯಾರ ಯಾರ ಹತ್ತಿರ ಇವೆ ಎಂಬುದು ತಂಗಿದವನಿಗೆ ಗೊತ್ತಾಗುವುದೇ ಇಲ್ಲ, ಅಗಳಿ ಮಾತ್ರ ಪೂರ್ತಿಯಾಗಿ ತಂಗಿದವನದು.

ಸಣ್ಣ ಊರಿನ ಲಾಡ್ಜುಗಳ ಕದಕ್ಕೆ ಸಾಮಾನ್ಯವಾಗಿ ಹೊರಗಡೆ ಅಲ್ಡ್ರಾಪ್, ಅಂದರೆ ಅಡ್ಡಲಾಗಿ ಸರಿದು ಕೀಲಿ ಸಿಕ್ಕಿಸಿಕೊಳ್ಳುವ ದಪ್ಪ ಸರಳು, ಮತ್ತು ಒಳಗಡೆ ಟವರ್ ಬೋಲ್ಟ್, ಅಂದರೆ ಮೇಲೆ ಕೆಳಗೆ ಸರಿದು ಚೌಕಟ್ಟಿನ ರಂಧ್ರಕ್ಕೆ ಇಳಿಯುವ ಚಿಲಕ ಇರುತ್ತವೆ. ತುಸು ದೊಡ್ಡ ಹೋಟೆಲುಗಳಲ್ಲಿ ಕದ ಎಳೆದೊಡನೆ ತಾನೇ ಬೀಳುವ ಲ್ಯಾಚ್ ಇರುತ್ತದೆ. ಇದರ ನಾಲಗೆಯ ಒಂದು ಬದಿ ಇಳಿಜಾರಾಗಿರುವುದರಿಂದ ಚೌಕಟ್ಟು ಸಡಿಲವಿದ್ದರೆ ಗಟ್ಟಿ ಪ್ಲಾಸ್ಟಿಕ್ ತುಂಡನ್ನು ತೂರಿಸಿ ಅದನ್ನು ಹಿಂದಕ್ಕೆ ತಳ್ಳಲು ಸಾಧ್ಯ. ಇನ್ನೂ ದೊಡ್ಡ ಹೋಟೆಲುಗಳಲ್ಲಿ ಕಾರ್ಡು ತೋರಿಸಿದರೆ ತೆರೆದುಕೊಳ್ಳುವ ವಿದ್ಯುನ್ಮಾನ ಬೀಗಗಳಿವೆ. ಕೋಣೆಗೆ ಕಾಲಿಟ್ಟ ಮೊದಲ ಐದು ನಿಮಿಷದಲ್ಲಿ, ಗಂಟುಮೂಟೆ ಬಿಚ್ಚುವ ಮೊದಲೇ, ಒಳಗಿನ ಚಿಲಕವನ್ನು ಹಾಕಿ ಕದವನ್ನು ಒಮ್ಮೆ ಜಗ್ಗಿ ನೋಡಬೇಕು. ಚಿಲಕದ ನಾಲ್ಕು ಸ್ಕ್ರೂಗಳಲ್ಲಿ ಎರಡು ಬಿದ್ದುಹೋಗಿದ್ದರೆ, ಚೌಕಟ್ಟಿನ ರಂಧ್ರ ಸವೆದು ಸರಳು ಅರ್ಧ ಅಂಗುಲವಷ್ಟೇ ಒಳಗಿಳಿಯುತ್ತಿದ್ದರೆ, ಕದ ಉಬ್ಬಿ ಚಿಲಕ ರಂಧ್ರಕ್ಕೆ ಸೇರದಿದ್ದರೆ ಬೇರೆ ಕೋಣೆ ಕೇಳಬೇಕು. ಇದಕ್ಕೆ ಸಂಕೋಚ ಪಡುವ ಕಾರಣವಿಲ್ಲ.

ಕಾರ್ಡಿನ ಬೀಗ ಹಳೆಯ ಕೀಲಿಗಿಂತ ಭದ್ರವೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಪೂರ್ಣ ನಿಜವಲ್ಲ. ‘ಸ್ಯಾಫ್ಲಾಕ್’ ಎಂಬ ಹೆಸರಿನಲ್ಲಿ 131 ದೇಶಗಳ 30 ಲಕ್ಷಕ್ಕೂ ಹೆಚ್ಚು ಬಾಗಿಲುಗಳಲ್ಲಿ ಕೂಡಿಸಿದ ಬೀಗಗಳನ್ನು ಒಂದೇ ಹೋಟೆಲಿನ ಯಾವುದಾದರೂ ಒಂದು ಕಾರ್ಡು ಸಿಕ್ಕರೆ ಸಾಕು, ನಕಲಿ ಕಾರ್ಡುಗಳ ಜೋಡಿಯಿಂದ ತೆರೆಯಬಹುದೆಂದು ಭದ್ರತಾ ಸಂಶೋಧಕರ ತಂಡವೊಂದು 2024ರ ಮಾರ್ಚ್‌ನಲ್ಲಿ ಬಹಿರಂಗಪಡಿಸಿತು. ಆ ಬೀಗಗಳಲ್ಲಿ ಒಳಗಿನಿಂದ ತಿರುಗಿಸಿ ಹಾಕುವ ಹೆಚ್ಚುವರಿ ಬೋಲ್ಟ್ ಕೂಡ ಅದೇ ಯಂತ್ರದ ಅಂಗವಾಗಿದ್ದುದರಿಂದ ನಕಲಿ ಕಾರ್ಡಿಗೆ ಅದೂ ಸರಿದುಬಿಡುತ್ತಿತ್ತು. ಬೇರೆಯಾಗಿ ಜಡಿದ ಸರಪಳಿಯನ್ನು ಬಳಸಿರೆಂದು ಸಂಶೋಧಕರೇ ಸಲಹೆ ಕೊಟ್ಟರು. ಬೀಗದ ಯಂತ್ರಕ್ಕೆ ಸಂಬಂಧವೇ ಇಲ್ಲದ, ಮರದಲ್ಲಿ ಸ್ವತಂತ್ರವಾಗಿ ಕೂತ ಅಡ್ಡಪಟ್ಟಿಯೇ ಕೊನೆಗೆ ಕಾಯುವುದೆಂಬ ವಾಡೆಯ ಬಡಿಗೇರನ ತಿಳಿವಳಿಕೆಗೆ ಆಧುನಿಕ ಪರೀಕ್ಷೆಯೊಂದು ಹೀಗೆ ಸಾಕ್ಷಿ ನುಡಿದಿದೆ.

ಚಿಲಕ ಕಾಯುವುದು ಒಳಗಿದ್ದಾಗ ಮಾತ್ರ. ಹೊರಗೆ ಹೋದಾಗ ಕೋಣೆಯನ್ನು ಕಾಯುವುದು ಅಥವಾ ಬಿಟ್ಟುಕೊಡುವುದು ಮ್ಯಾನೇಜರನ ಮೇಜಿನ ಹಿಂದಿರುವ ಹಲಗೆ. ಗೋಡೆಗೆ ತೂಗುಹಾಕಿದ ಆ ಹಲಗೆಯಲ್ಲಿ ಸಾಲಾಗಿ ಮೊಳೆಗಳು, ಪ್ರತಿ ಮೊಳೆಯ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ, ಕೆಳಗೆ ತೂಗುವ ಕೀಲಿಕೈ, ಕೀಲಿಕೈಗೆ ಅಂಗೈಯಗಲದ ಬಿಲ್ಲೆ, ಬಿಲ್ಲೆಯ ಮೇಲೆ ಲಾಡ್ಜಿನ ಹೆಸರು ಮತ್ತು ಕೋಣೆಯ ಸಂಖ್ಯೆ ಇರುತ್ತವೆ. ಬಾಗಿಲಲ್ಲಿ ನಿಂತು ಬೀಡಿ ಹಚ್ಚುವವನಿಗೂ ಆ ಹಲಗೆ ಓದಲು ಬರುತ್ತದೆ: ಕೀಲಿಕೈ ತೂಗುತ್ತಿದ್ದರೆ ಕೋಣೆಯಲ್ಲಿ ಯಾರೂ ಇಲ್ಲ, ಮೊಳೆ ಬರಿದಾಗಿದ್ದರೆ ಜನ ಇದ್ದಾರೆ. ಬಿಲ್ಲೆ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದರೆ ಎತ್ತಿಕೊಂಡವನಿಗೆ ವಿಳಾಸವೂ ಕೀಲಿಕೈಯೂ ಒಟ್ಟಿಗೇ ಸಿಕ್ಕಂತಾಯಿತು. ಇನ್ನು ಹಲವು ಕಡೆ ‘ಎರಡು ನೂರಾ ನಾಲ್ಕರ ಅಕ್ಕಾರಿಗೆ ನೀರು ಒಯ್ಯೋ’ ಎಂದು ಕೌಂಟರಿನಿಂದ ಕೂಗಿ ಹೇಳುವ ರೂಢಿಯೂ ಇದೆ. ಹುಡುಗನಿಗೆ ಹೇಳಿದ ಆ ಮಾತಿನಿಂದ ಅಲ್ಲಿ ಕುಳಿತವರಿಗೆಲ್ಲ ಒಬ್ಬ ಹೆಣ್ಣುಮಗಳು ಯಾವ ಕೋಣೆಯಲ್ಲಿದ್ದಾಳೆ ಎಂಬುದು ತಿಳಿದುಬಿಡುತ್ತದೆ. ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡುವಂತೆ ಕೇಳುವುದು, ಕೂಗಿ ಹೇಳಿಬಿಟ್ಟಿದ್ದರೆ ಬೇರೆ ಕೋಣೆ ಬೇಡುವುದು, ಅನುಮತಿಯಿದ್ದಲ್ಲಿ ಅಲ್ಡ್ರಾಪಿಗೆ ಸ್ವಂತ ಕೀಲಿ ಹಾಕುವುದು ಅತಿಯಾದ ಎಚ್ಚರವೇನೂ ಅಲ್ಲ. ಯಾತ್ರೆಗೆ ಹೊರಡುವ ಹಿರಿಯರು ಗಂಟಿನಲ್ಲಿ ಒಂದು ಕೀಲಿ ಇಟ್ಟುಕೊಂಡೇ ಹೋಗುತ್ತಿದ್ದುದರ ಹಿಂದಿನ ಬುದ್ಧಿಯೂ ಇದೇ.

ಆದರೆ ಕೋಣೆಗೆ ನುಗ್ಗುವವರೆಲ್ಲ ಕೀಲಿ ಮುರಿದು ಬರುವ ಕಳ್ಳರಲ್ಲ. 2024ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ಲಿನಲ್ಲಿ ಗುಂಪೊಂದು ಲಾಡ್ಜಿನ ಕೋಣೆಯ ಕದ ಬಡಿದು, ತೆರೆದೊಡನೆ ಒಳನುಗ್ಗಿ, ಬೇರೆ ಬೇರೆ ಧರ್ಮಕ್ಕೆ ಸೇರಿದ ಪುರುಷ ಮತ್ತು ಮಹಿಳೆಯ ಮೇಲೆ ಹಲ್ಲೆ ಮಾಡಿ, ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹರಡಿತು; ತನ್ನನ್ನು ಅಲ್ಲಿಂದ ಒಯ್ದು ಸಾಮೂಹಿಕ ಅತ್ಯಾಚಾರ ಎಸಗಲಾಯಿತೆಂದು ಆ ಮಹಿಳೆ ಆಮೇಲೆ ಆರೋಪಿಸಿದರು, ಬಂಧನಗಳಾದವು. ಅದಕ್ಕೂ ಮುಂಚೆ 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಗುಂಪು ದಾಳಿ ನಡೆದು, ಹನ್ನೆರಡು ವರ್ಷಗಳ ಬಳಿಕ 2024ರ ಆಗಸ್ಟ್‌ನಲ್ಲಿ ಆರೋಪಿಗಳು ಖುಲಾಸೆಯಾದರು. ಈ ಎರಡೂ ಘಟನೆಗಳಲ್ಲಿ ಬಂದವರು ಯಾವ ಬೀಗವನ್ನೂ ಬಿಚ್ಚುವ ವಿದ್ಯೆ ಕಲಿತಿರಲಿಲ್ಲ. ಒಳಗೆ ಯಾರಿದ್ದಾರೆಂಬ ಸುದ್ದಿ ಅವರಿಗೆ ಸಿಕ್ಕಿತ್ತು, ಅಷ್ಟೇ. ವಯಸ್ಕರಿಬ್ಬರು ಯಾವ ಜಾತಿ, ಯಾವ ಧರ್ಮದವರಾದರೂ ಒಂದು ಕೋಣೆಯಲ್ಲಿ ತಂಗುವುದು ಅಪರಾಧವಲ್ಲ, ಅವರ ಗುರುತಿನ ಚೀಟಿ ಕೇಳುವ ಅಧಿಕಾರ ಯಾವ ಗುಂಪಿಗೂ ಇಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಎಂಬುದನ್ನು ಕನ್ನಡಿಗರು ವಿಶೇಷವಾಗಿ ನೆನಪಿಡಬೇಕು.

ಕಾನೂನು ಈ ವಿಷಯದಲ್ಲಿ ಜನ ಎಣಿಸಿರುವುದಕ್ಕಿಂತ ಸ್ಪಷ್ಟವಾಗಿದೆ. ಅಪರಾಧ ಎಸಗುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶದಿಂದ ಬೇರೊಬ್ಬರ ವಶದಲ್ಲಿರುವ ಜಾಗಕ್ಕೆ ಹೋಗುವುದು ಅತಿಕ್ರಮ ಪ್ರವೇಶ. ಆ ಜಾಗ ಮನುಷ್ಯರು ವಾಸಿಸುವ ಕಟ್ಟಡವೋ ಡೇರೆಯೋ ದೋಣಿಯೋ ಆಗಿದ್ದರೆ ಅದು ಗೃಹ ಅತಿಕ್ರಮಣ. ಪೂರ್ತಿ ಒಳಗೆ ಬರಬೇಕೆಂದೇನಿಲ್ಲ, ದೇಹದ ಯಾವುದೇ ಭಾಗ ಹೊಸ್ತಿಲು ದಾಟಿದರೂ ಪ್ರವೇಶವೆನಿಸುತ್ತದೆ. ಕದದ ಸಂದಿಯಲ್ಲಿ ಇಟ್ಟ ಒಂದು ಪಾದವೂ ಸಾಕು. ಇನ್ನೂ ಒಂದು ಹೆಜ್ಜೆ ಮುಂದಿನದು ಮನೆಗೆ ಕನ್ನ ಹಾಕುವ ಅಪರಾಧ. ಗೋಡೆ ಕೊರೆದರೆ ಮಾತ್ರ ಕನ್ನವೆಂದು ಆಡುಮಾತು ತಿಳಿದಿದೆ. ಆದರೆ 1860ರ ದಂಡ ಸಂಹಿತೆಯ 445ನೇ ಕಲಮಿನಲ್ಲಿದ್ದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಮಿಗೆ ಬಂದಿರುವ ದೃಷ್ಟಾಂತಗಳು ಬೇರೆಯೇ ಹೇಳುತ್ತವೆ. ಕಳೆದುಹೋದ ಕೀಲಿಕೈ ಸಿಕ್ಕವನು ಅದರಿಂದ ಕದ ತೆರೆದು ಒಳಹೊಕ್ಕರೆ ಅದೂ ಕನ್ನವೇ; ಬಾಗಿಲಲ್ಲಿ ನಿಂತವನನ್ನು ಕೆಡವಿ ನುಗ್ಗಿದರೆ ಅದೂ ಕನ್ನವೇ; ಬಾಗಿಲು ಕಾಯುವವನನ್ನು ಹೊಡೆಯುವೆನೆಂದು ಹೆದರಿಸಿ ದಾಟಿದರೆ ಅದೂ ಕನ್ನವೇ. ನೂರ ಅರವತ್ತು ವರ್ಷಗಳಿಗೂ ಹಿಂದೆ ಬರೆದಿಟ್ಟ ಈ ಮೂರು ದೃಷ್ಟಾಂತಗಳಲ್ಲಿ ಬಿಲ್ಲೆ ಕಳೆದುಕೊಂಡ ಯಾತ್ರಿಕನೂ, ಕದ ತೆರೆದು ಪೆಟ್ಟು ತಿಂದ ಅತಿಥಿಯೂ, ಗುಂಪಿಗೆ ಹೆದರಿ ದಾರಿ ಬಿಟ್ಟ ಮ್ಯಾನೇಜರನೂ ಇದ್ದಾರೆ.

ಹಾಗಾದರೆ ಕದ ಬಡಿದಾಗ ಮಾಡಬೇಕಾದ್ದೇನು? ಚಿಲಕ ತೆಗೆಯದೆ, ಒಳಗಿನಿಂದಲೇ ‘ಯಾರು, ಯಾಕೆ ಬಂದಿರಿ’ ಎಂದು ಗಟ್ಟಿಯಾಗಿ ಕೇಳಬೇಕು. ನೀರು, ಟವೆಲು, ಕರೆಂಟಿನ ರಿಪೇರಿ ಎಂದು ಉತ್ತರ ಬಂದರೆ, ಕೋಣೆ ಸೇರಿದಾಗಲೇ ಬರೆದುಕೊಂಡ ಕೌಂಟರಿನ ನಂಬರಿಗೆ ಫೋನು ಮಾಡಿ ಅವರು ಕಳಿಸಿದ್ದು ಹೌದೇ ಎಂದು ವಿಚಾರಿಸಬೇಕು. ತಾನು ಕೇಳಿರದ ಯಾವ ಸೇವೆಗೂ ರಾತ್ರಿ ಹೊತ್ತು ಕದ ತೆರೆಯುವ ಅಗತ್ಯವಿಲ್ಲ. ಪೊಲೀಸರೆಂದು ಹೇಳಿದರೆ ಸಹಕರಿಸಬೇಕು, ಆದರೆ ಠಾಣೆ ಯಾವುದು, ಹೆಸರೇನು ಎಂದು ಕೇಳಿ 112ಕ್ಕೆ ಕರೆ ಮಾಡಿ ದೃಢಪಡಿಸಿಕೊಳ್ಳುವುದು ಅಸಹಕಾರವಾಗುವುದಿಲ್ಲ. ವಿಶೇಷ ಸಂದರ್ಭದಲ್ಲಿ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಬಂದ ಹೊರತು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯನ್ನು ಬಂಧಿಸುವಂತಿಲ್ಲವೆಂಬ ನಿಯಮವೂ ತಿಳಿದಿರಬೇಕು. ಹೊರಗಿನ ಗದ್ದಲ ಹೆಚ್ಚಾದರೆ ಮೊದಲು 112, ಆಮೇಲೆ ಕೌಂಟರು, ಅನಂತರ ಅಕ್ಕಪಕ್ಕದವರಿಗೆ ಕೇಳುವಂತೆ ಕೂಗು. ಒಳಗಡೆ ಮೌನವಾಗಿ ಕುಳಿತರೆ ಹೊರಗಿನವರ ಧೈರ್ಯವೇ ಬೆಳೆಯುತ್ತದೆ.

ಹೀಗೆ ಬರುವವರಲ್ಲಿ ಕೇಡು ಬಗೆಯದವರೂ ಇರುತ್ತಾರೆಂಬುದನ್ನು ಮರೆಯಬಾರದು. ರಾತ್ರಿ ಪಾಳಿಯ ಗುಮಾಸ್ತ ವಹಿ ನೋಡದೆ ಒಂದೇ ಕೋಣೆಯನ್ನು ಇಬ್ಬರಿಗೆ ಕೊಡುವುದುಂಟು, ಮಹಡಿ ತಪ್ಪಿದವರು ಕೆಳಗಿನ ಕೋಣೆಗೆ ಕೀಲಿಕೈ ತುರುಕುವುದುಂಟು, ಕಸ ಗುಡಿಸುವವರು ಕೋಣೆ ಖಾಲಿಯೆಂದು ತಿಳಿದು ಒಳಗೆ ಬರುವುದುಂಟು. ಚಿಲಕ ಹಾಕಿದ್ದರೆ ಇವೆಲ್ಲ ಒಂದು ‘ತಪ್ಪಾಯಿತ್ರಿ’ಯಲ್ಲಿ ಮುಗಿಯುತ್ತವೆ.

ಕದದಷ್ಟೇ ಗಮನ ಕಿಟಕಿಗೂ ಬೇಕು. ಅಮೆರಿಕದ ಪ್ರಸಿದ್ಧ ಗಾಯಕಿ ಕಾನಿ ಫ್ರಾನ್ಸಿಸ್ ಅವರ ಮೇಲೆ 1974ರ ನವೆಂಬರಿನಲ್ಲಿ ನ್ಯೂಯಾರ್ಕ್ ಬಳಿಯ ವಸತಿಗೃಹದಲ್ಲಿ ದಾಳಿಯಾದಾಗ ಆಗಂತುಕ ಬಂದದ್ದು ಸರಿಯುವ ಗಾಜಿನ ಬಾಗಿಲಿನಿಂದ. ಭದ್ರವಾಗಿ ಕಾಣುತ್ತಿದ್ದ ಅದರ ಬೀಗ ಹೊರಗಿನಿಂದ ಸುಲಭವಾಗಿ ತೆಗೆಯುವಂತಿತ್ತು. ಆ ಸಂಸ್ಥೆ 25 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು 1976ರಲ್ಲಿ ಜ್ಯೂರಿ ತೀರ್ಮಾನಿಸಿತು, ಅಲ್ಲಿನ ಹೋಟೆಲ್ ಉದ್ಯಮ ಬೀಗಗಳ ಕಡೆ ಗಂಭೀರವಾಗಿ ನೋಡಲು ಅದೊಂದು ದೊಡ್ಡ ಕಾರಣವಾಯಿತು. ನಮ್ಮ ಕಡೆಯ ಕೋಣೆಗಳಲ್ಲಿ ನೋಡಬೇಕಾದ್ದು ಬಚ್ಚಲಿನ ವೆಂಟಿಲೇಟರಿನ ಸಡಿಲ ಗಾಜು, ಕೂಲರ್ ತೆಗೆದು ಹಾಗೇ ಬಿಟ್ಟ ಕಿಂಡಿ, ಪಕ್ಕದ ಕೋಣೆಗೆ ತೆರೆಯುವ ಒಳಬಾಗಿಲು, ಬಾಲ್ಕನಿಯಿಂದ ಬಾಲ್ಕನಿಗೆ ಇರುವ ಅಂತರ. ಬಾಗಲಕೋಟೆ ಜಿಲ್ಲೆಯದೇ ಆದ ಬಾದಾಮಿಯಲ್ಲಿ ತಂಗುವವರಿಗಂತೂ ತೆರೆದ ಕಿಟಕಿಯಿಂದ ಮೊದಲು ಬರುವುದು ಮಂಗ; ಸರಳುಗಳ ನಡುವೆ ಅದರ ಮರಿ ತೂರುವಷ್ಟು ಸಂದಿಯಿದ್ದರೆ ಮನುಷ್ಯನ ಕೈ ಚಿಲಕಕ್ಕೆ ಎಟಕುವಷ್ಟು ಸಂದಿಯೂ ಇದೆಯೆಂದೇ ಅರ್ಥ.

ಒಳಗಿನ ಚಿಲಕ ದುರ್ಬಲವಾಗಿದ್ದು ಬೇರೆ ಕೋಣೆಯೂ ಸಿಗದಿದ್ದಾಗ ನೆರವಿಗೆ ಬರುವುದು ಬೆಣೆ. ಬಡಿಗೇರರು ಮರ ಸೀಳಲು, ಸಡಿಲ ಕೀಲು ಬಿಗಿಯಲು ಬಳಸುವ, ಒಂದು ತುದಿ ದಪ್ಪ ಒಂದು ತುದಿ ತೆಳುವಾದ ತುಂಡು ಅದು. ಒಳಕ್ಕೆ ತೆರೆಯುವ ಕದದ ಅಡಿಯಲ್ಲಿ, ಹಿಡಿಕೆಯಿರುವ ಬದಿಗೆ, ತೆಳು ತುದಿಯನ್ನು ತೂರಿಸಿ ಕಾಲಿನಿಂದ ಒತ್ತಿದರೆ ಹೊರಗಿನಿಂದ ತಳ್ಳಿದಷ್ಟೂ ಬೆಣೆ ಬಿಗಿಯಾಗುತ್ತದೆ. ನುಣುಪಾದ ಟೈಲ್ಸ್ ನೆಲದ ಮೇಲೆ ಮರದ ಬೆಣೆ ಜಾರುವುದರಿಂದ ರಬ್ಬರಿನದು ಉತ್ತಮ. ಹೊರಕ್ಕೆ ತೆರೆಯುವ ಕದಕ್ಕೆ ಬೆಣೆಯಿಂದ ಏನೂ ಪ್ರಯೋಜನವಿಲ್ಲ. ಕಪಾಟು, ಮಂಚಗಳನ್ನು ಕದಕ್ಕೆ ಒತ್ತರಿಸಿ ಮಲಗುವುದನ್ನು ಮಾತ್ರ ಯಾರೂ ಮಾಡಬಾರದು. ಕತ್ತಲಲ್ಲಿ ಹೊಗೆ ತುಂಬಿದಾಗ ಅದೇ ಮುಳುವಾಗುತ್ತದೆ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು 9 ಜನ ಸತ್ತಾಗ ಹೊರಬರುವ ದಾರಿ ಮುಚ್ಚಿದ್ದುದು ಎಷ್ಟು ದೊಡ್ಡ ಕೇಡೆಂದು ನಾಡಿಗೆ ತಿಳಿಯಿತು. ಒಂದೇ ಕೈಯಿಂದ ಕಣ್ಣು ಮುಚ್ಚಿಕೊಂಡೂ ತೆಗೆಯಲು ಬರುವ ಅಡ್ಡಿಯೇ ಸರಿಯಾದ ಅಡ್ಡಿ.

ಒಳಗೆ ಕಾಲಿಡದೆಯೂ ನುಗ್ಗುವವರಿದ್ದಾರೆ. 2008ರಲ್ಲಿ ಅಮೆರಿಕದ ನ್ಯಾಶ್ವಿಲ್ ನಗರದ ಹೋಟೆಲೊಂದರಲ್ಲಿ ಕ್ರೀಡಾ ವರದಿಗಾರ್ತಿ ಎರಿನ್ ಆಂಡ್ರ್ಯೂಸ್ ಅವರ ಪಕ್ಕದ ಕೋಣೆಯನ್ನೇ ಕೇಳಿ ಪಡೆದ ಒಬ್ಬಾತ, ಅವರ ಬಾಗಿಲಿನ ಇಣುಕುಗಾಜನ್ನು ಬದಲಿಸಿ ಹೊರಗಿನಿಂದ ವಿಡಿಯೊ ತೆಗೆದಿದ್ದ. 2016ರಲ್ಲಿ ಜ್ಯೂರಿ 5.5 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಇಣುಕುಗಾಜಿಗೆ ಒಳಗಿನಿಂದ ಒಂದು ಕಾಗದದ ಉಂಡೆ ತುರುಕಿದರೆ ಈ ದಾರಿ ಮುಚ್ಚುತ್ತದೆ. ಹೀಗೆ ಮಹಿಳೆಯರ ಖಾಸಗಿ ಕ್ಷಣಗಳನ್ನು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಮೊದಲ ಸಲಕ್ಕೇ ಕನಿಷ್ಠ 1 ವರ್ಷದ ಸೆರೆವಾಸಕ್ಕೆ ಗುರಿಮಾಡುವ ಅಪರಾಧ.

ಎಲ್ಲ ಎಚ್ಚರವನ್ನೂ ತಂಗುವವರ ತಲೆಗೇ ಕಟ್ಟುವುದು ನ್ಯಾಯವಲ್ಲ. 1867ರ ಸರಾಯ್ ಕಾಯ್ದೆ, ಅಂದರೆ ಪ್ರಯಾಣಿಕರು ತಂಗುವ ಛತ್ರಗಳನ್ನು ಕುರಿತ ಬ್ರಿಟಿಷ್ ಕಾಲದ ಕಾನೂನು, ಗೋಡೆ ಬಾಗಿಲುಗಳನ್ನು ದುರಸ್ತಿಯಲ್ಲಿಡುವುದನ್ನೂ, ತಂಗಿದ ಜನ, ಪ್ರಾಣಿ, ವಾಹನಗಳ ರಕ್ಷಣೆಗೆ ಮ್ಯಾಜಿಸ್ಟ್ರೇಟರು ಅಗತ್ಯವೆಂದಷ್ಟು ಕಾವಲುಗಾರರನ್ನು ನೇಮಿಸುವುದನ್ನೂ ಛತ್ರ ನಡೆಸುವವನ ಕರ್ತವ್ಯವನ್ನಾಗಿ ಮಾಡಿತ್ತು. ‘ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು’ ಎಂಬ ಫಲಕ ಇಂದು ಎಲ್ಲ ಕೌಂಟರುಗಳಲ್ಲೂ ಕಾಣುತ್ತದೆ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಅತಿಥಿಯೊಬ್ಬರು ಕೀಲಿಕೈ ಸಮೇತ ಸಿಬ್ಬಂದಿಗೆ ಒಪ್ಪಿಸಿದ ಕಾರನ್ನು ಬೇರೊಬ್ಬ ಒಯ್ದ ಪ್ರಕರಣದಲ್ಲಿ, ಇಂಥ ಒಕ್ಕಣೆಯ ಮರೆಯಲ್ಲಿ ಹೋಟೆಲು ತನ್ನ ನಿರ್ಲಕ್ಷ್ಯದ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ನವೆಂಬರ್ 14ರಂದು ತೀರ್ಪಿತ್ತಿತು. ಆ ತೀರ್ಪು ಬರೆದವರು ಹಾವೇರಿ ಜಿಲ್ಲೆಯವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಅದು ಕಾರಿನ ವಿಚಾರವೇ ಹೊರತು ಕೋಣೆಯದಲ್ಲ. ಆದರೂ ಅತಿಥಿ ನಂಬಿ ಒಪ್ಪಿಸಿದ್ದನ್ನು ಕಾಯುವ ಕರ್ತವ್ಯ ಫಲಕ ತೂಗುಹಾಕಿದ ಮಾತ್ರಕ್ಕೆ ಹೋಗುವುದಿಲ್ಲವೆಂಬ ಅದರ ತಿರುಳು ಲಾಡ್ಜುಗಳೆಲ್ಲ ಗಮನಿಸಬೇಕಾದದ್ದು. ಹೆಚ್ಚು ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಅಳವಡಿಸಿ ದೃಶ್ಯಗಳನ್ನು 30 ದಿನ ಕಾಯ್ದಿಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಘಟನೆ ನಡೆದಿದ್ದರೆ ಆ ಗಡುವು ಮೀರುವ ಮೊದಲೇ ದೃಶ್ಯಗಳನ್ನು ಉಳಿಸಿಡುವಂತೆ ಲಿಖಿತವಾಗಿ ಕೇಳಬೇಕು.

ಪರ ರಾಜ್ಯದಲ್ಲಿ ಕಳವಾದರೆ ಅಲ್ಲಿಯ ಠಾಣೆ, ಅಲ್ಲಿಯ ಭಾಷೆ ಎಂದು ಹಿಂಜರಿದು ಎಷ್ಟೋ ಜನ ದೂರು ಕೊಡದೆ ಮರಳುತ್ತಾರೆ. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಮಿರಜದಲ್ಲಿ ಹಣ ಕಳೆದುಕೊಂಡ ತುಬಚಿಯವರು ಊರಿಗೆ ಬಂದು ಜಮಖಂಡಿಯ ಠಾಣೆಯಲ್ಲಿ, ಕನ್ನಡದಲ್ಲೇ, ದೂರು ಕೊಡಬಹುದು, ಅದರ ಪ್ರತಿಯನ್ನು ದುಡ್ಡಿಲ್ಲದೆ ಪಡೆಯಬಹುದು. ಆದರೆ ಕೋಣೆಯನ್ನು ಮುಟ್ಟದೆ ಪೊಲೀಸರಿಗೆ ತೋರಿಸುವ ಅವಕಾಶ ಅಲ್ಲಿಯೇ ಇದೆಯಾದ್ದರಿಂದ ಸಾಧ್ಯವಾದಷ್ಟೂ ಅಲ್ಲಿಯೇ ಕೊಡುವುದು ಒಳ್ಳೆಯದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಲಾಡ್ಜು ನಡೆಸುವವರಲ್ಲಿ ಒಂದು ಕೋರಿಕೆ ಉಳಿದಿದೆ. ಕೀಲಿಕೈಗಳ ಹಲಗೆಯನ್ನು ಗಿರಾಕಿಗಳ ಕಣ್ಣಿಗೆ ಬೀಳದ ಕಡೆ ತೂಗುಹಾಕಿ, ಬಿಲ್ಲೆಯ ಮೇಲಿನ ಲಾಡ್ಜಿನ ಹೆಸರನ್ನು ಅಳಿಸಿ, ಕೋಣೆಯ ಸಂಖ್ಯೆಯನ್ನು ಕೂಗಿ ಹೇಳುವುದನ್ನು ನಿಲ್ಲಿಸಿರಿ. ಪ್ರತಿ ಕದದ ಒಳಬದಿಗೆ ಒಂದು ಗಟ್ಟಿ ಚಿಲಕವನ್ನು ಉದ್ದನೆಯ ಸ್ಕ್ರೂಗಳಿಂದ ಜಡಿಸಿರಿ. ಒಬ್ಬ ಬಡಿಗೇರ ಒಂದು ದಿನದಲ್ಲಿ ಇಡೀ ಮಹಡಿಯ ಕೆಲಸವನ್ನು ಮುಗಿಸುತ್ತಾನೆ.